ಗಂಡನನ್ನೋಡಿಸುವ ಬಳ್ಳಿ

ಗಂಡಂದಿರು ಮನೆ ಬಿಟ್ಟು ಹೋಗುವುದನ್ನು ನಾನು ಧಾರಾವಾಹಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಂದು ಜಗಳ, ಒಂದು ಸೂಟ್‌ಕೇಸು, ಬಾಗಿಲು ದಢಾರ್, ಹಿಂದಿನಿಂದ ಪಿಟೀಲು. ಅಲ್ಲಿಗೆ ಮುಗಿಯಿತು, ಹೆಂಡತಿಯಾದವಳು ನೆಮ್ಮದಿಯಾಗಿ ಕೂತು ಅಳಬಹುದು. ನನ್ನ ಗಂಡ ಕುಬಾತ್ ಮಾತ್ರ ಕಂತಿನಲ್ಲಿ ಹೋಗುತ್ತಿದ್ದ.

ಮೊದಲು ಹೋದದ್ದು ಬೂದು ಬಣ್ಣದ ಸ್ವೆಟರು. ಆಮೇಲೆ ಕಂದು ಬಣ್ಣದ್ದು. ಆಮೇಲೆ ಉಣ್ಣೆಯ ಕಾಲುಚೀಲಗಳು, ಕುತ್ತಿಗೆಗೆ ಸುತ್ತುವ ಮಫ್ಲರು, ಕೊನೆಗೆ ಕಿವಿ ಮುಚ್ಚುವ ಕುರಿತುಪ್ಪಟದ ಟೋಪಿ. ಸಂಜೆ ಚಹಾ ಮುಗಿಸಿ ಎದ್ದು, "ಸ್ವಲ್ಪ ಹೊರಗೆ ಹೋಗ್ಬರ್ತೀನಿ" ಎಂದು ಗೋಡೆಗೆ ಹೇಳಿ, ಉಬ್ಬಿದ ಚೀಲವೊಂದನ್ನು ಹಿಡಿದು ಹೊರಡುವುದು; ಮಗಳು ಬೆರ್ಮೆಟ್ ಮಲಗುವ ಹೊತ್ತಿಗೆ ಬರಿದಾದ ಚೀಲದೊಂದಿಗೆ ಮರಳುವುದು. ನಾನು ಬೀರುವಿನ ಬಾಗಿಲು ತೆಗೆದು ನೋಡುವುದು, ಇನ್ನೊಂದು ಹ್ಯಾಂಗರು ಬೆತ್ತಲೆ. ಹೀಗೇ ಮುಂದುವರಿದರೆ ಮಾರ್ಚಿನ ನೋರೂಜ್ ಹಬ್ಬದ ಹೊತ್ತಿಗೆ ಅವನ ಬಟ್ಟೆಯೆಲ್ಲ ಎಲ್ಲೋ ಹೋಗಿ ಸೇರಿರುತ್ತದೆ, ಅದನ್ನು ಹುಡುಕಿಕೊಂಡು ಅವನೂ ಹೋಗುತ್ತಾನೆ.

(ಎಲ್ಲಿಗೆ ಹೋಗ್ತೀಯ ಎಂದು ಕೇಳಬಾರದಾಗಿತ್ತೇ ಎನ್ನುತ್ತೀರಿ. ಕೇಳಬಹುದಿತ್ತು. ಆದರೆ ಕೇಳಿದ್ದಕ್ಕೆ ಅವನು ಹೇಳಿಬಿಟ್ಟರೆ?)

ಚಿಂತೆ ನನ್ನ ತವರಿನ ಬಳುವಳಿ. ಬೇರೆ ಹುಡುಗಿಯರು ಗಂಡನ ಮನೆಗೆ ಬರುವಾಗ ಸೂರು ಮುಟ್ಟುವಷ್ಟು ರಜಾಯಿ ತರುತ್ತಾರೆ. ನಾನು ರಜಾಯಿಯ ಜೊತೆಗೆ ಚಿಂತೆಯನ್ನೂ ತಂದೆ. ಮಗಳು ಬೆರ್ಮೆಟ್ ಸೀನಿದರೆ ನ್ಯುಮೋನಿಯಾ ಎಂದು ಎದೆ ಹೊಡೆದುಕೊಳ್ಳುತ್ತದೆ. ಸೀನದಿದ್ದರೆ, ಎಲ್ಲರ ಮಕ್ಕಳೂ ಸೀನುವಾಗ ಇವಳೊಬ್ಬಳು ಯಾಕೆ ಸೀನುತ್ತಿಲ್ಲ ಎಂದು ಹೊಡೆದುಕೊಳ್ಳುತ್ತದೆ. ಯೂನಿವರ್ಸಿಟಿಯಲ್ಲಿ ಓದಿದ್ದು ಸಂಖ್ಯಾಶಾಸ್ತ್ರ. ಅದರಿಂದಾದ ಲಾಭ ಇಷ್ಟೇ: ಹಿಂದೆ ಸುಮ್ಮನೆ ಹೆದರುತ್ತಿದ್ದೆ, ಈಗ ಶೇಕಡಾವಾರು ಹೆದರುತ್ತೇನೆ.

ಇಷ್ಟಕ್ಕೆಲ್ಲ ಮೂಲ ಒಂದು ಬಳ್ಳಿ. ಹೃದಯದಾಕಾರದ ಎಲೆ, ಎಲೆಯ ಮೇಲೆ ಹಳದಿ ಸಿಡಿದಂಥ ಚುಕ್ಕೆ. ಬಡವರ ಮನೆಯಲ್ಲೂ ಬಂಗಲೆಯಲ್ಲೂ ನೀರಿಗಿಂತ ಹೆಚ್ಚೇನೂ ಕೇಳದೆ ಬೆಳೆಯುವ ಮನಿ ಪ್ಲಾಂಟು. ನಮ್ಮದು ಅತ್ತೆಯವರ ಬಳ್ಳಿ. ಅವರನ್ನು ಕುಬಾತ್‌ನಂತೆ ನಾನೂ ಅಪಾ, ಅಂದರೆ ಅಮ್ಮ, ಎಂದೇ ಕರೆಯುವುದು. ಬಿಷ್ಕೆಕ್‌ನ ಈ ಫ್ಲ್ಯಾಟು ಅಪಾ ಅವರದು ಎಂದು ಕಾಗದ ಹೇಳುತ್ತದೆ. ಆದರೆ ವಾಸ್ತವವಾಗಿ ಅದು ಆ ಬಳ್ಳಿಯದು, ನಾವೆಲ್ಲ ಬಾಡಿಗೆದಾರರು. ಫ್ರಿಜ್ಜಿನ ಮೇಲಿನ ಕುಂಡದಿಂದ ಹೊರಟು, ಮಾವನವರು ಹೊಡೆದ ಮೊಳೆಗಳ ಸಾಲು ಹಿಡಿದು (ಸೊಸೆ ಮಾವನ ಹೆಸರೆತ್ತುವಂತಿಲ್ಲ, ಆದ್ದರಿಂದ ಆ ಮೊಳೆಗಳನ್ನೂ ನಾನು ಬಹುವಚನದಲ್ಲೇ ಗೌರವಿಸುತ್ತೇನೆ) ಅಡುಗೆಮನೆಯ ಸೂರನ್ನು ಪ್ರದಕ್ಷಿಣೆ ಹಾಕಿ, ನಡುಮನೆ ದಾಟಿ, ಅದರ ತುದಿ ನಮ್ಮ ಮಲಗುವ ಕೋಣೆಯೊಳಕ್ಕೆ ಇಣುಕುತ್ತಿತ್ತು. ಮದುವೆಯಾದ ಹೊಸತರಲ್ಲಿ ನಾನು ಆ ತುದಿಗೆ ಬೆನ್ನು ಹಾಕಿ ಉಡುಪು ಬದಲಿಸುತ್ತಿದ್ದೆ. ಅಪಾ ಅವರ ಸಂಬಂಧಿಕರೊಬ್ಬರು ಬಂದು ನಿಂತಂತೆ ಅನ್ನಿಸುತ್ತಿತ್ತು.

ಶರತ್ಕಾಲದಲ್ಲಿ ನನ್ನ ನಾದಿನಿಯ ಬಾಣಂತನಕ್ಕೆಂದು ಅಪಾ ದೂರದ ಕರಾಕೋಲ್ ಊರಿಗೆ ಹೊರಟರು. ಬಾಗಿಲಲ್ಲಿ ನಿಂತು ಮೊಮ್ಮಗಳಿಗೊಂದು ಮುತ್ತು ಕೊಟ್ಟು, ನನ್ನ ಕಡೆ ತಿರುಗಿದರು.

"ಬಳ್ಳಿ ಜೋಪಾನ. ಇವತ್ತಿಂದ ಅದು ನಿಂದು."

ನಾನು ಮನೆತನಸ್ಥ ಹುಡುಗಿ. "ಥ್ಯಾಂಕ್ಸ್ ಅಪ್..." ಎನ್ನುವಷ್ಟರಲ್ಲಿ ಅವರ ಅಂಗೈ ನನ್ನ ಬಾಯಿ ಮುಚ್ಚಿತ್ತು.

"ಗಿಡಕ್ಕೆ ಥ್ಯಾಂಕ್ಸ್ ಹೇಳ್ತಾರೇನೇ, ಹುಡುಗಿ! ಹೇಳಿದ್ರೆ ಅದು ಹತ್ತುತ್ತಾ? ಒಣಗಿ ಕಡ್ಡಿ ಆಗ್ಬಿಡುತ್ತೆ. ಇಷ್ಟೂ ಹೇಳ್ಕೊಡ್ಲಿಲ್ವಾ ನಿಮ್ಮ ಯೂನಿವರ್ಸಿಟೀಲಿ?"

ಹೇಳಿಕೊಟ್ಟಿರಲಿಲ್ಲ. ಆ ದಿನವೇ ಕಲಿತೆ.

ಚಳಿಗಾಲ ಹೇಗೋ ಕಳೆಯುತ್ತ ಬಂತು. ಹಿಮ ಕರಗುವ ಸೂಚನೆ ತೋರಿ ಮತ್ತೆ ಮನಸ್ಸು ಬದಲಿಸುವ ಫೆಬ್ರವರಿಯ ಒಂದು ಮಧ್ಯಾಹ್ನ ಎದುರು ಮನೆಯ ವೆನೇರಾ ಎಜೆ ಚಹಾಕ್ಕೆ ಬಂದರು. ಈ ಎಜೆ, ಅಂದರೆ ಅಕ್ಕ, ನಮ್ಮ ಕಟ್ಟಡದ ಆಕಾಶವಾಣಿ. ಕರಿದ ಹಿಟ್ಟಿನ ಬೋರ್ಸೋಕ್ ಒಂದನ್ನು ಜಾಮಿನಲ್ಲಿ ಅದ್ದಿ ಬಾಯಿಗೆ ಹಾಕಲೆಂದು ತಲೆಯೆತ್ತಿದವರು, ಎತ್ತಿದ ತಲೆಯನ್ನು ಇಳಿಸಲೇ ಇಲ್ಲ.

"ಬುರುಲ್ಚಾ, ಇದನ್ನ ಇನ್ನೂ ಇಟ್ಕೊಂಡಿದ್ದೀಯಾ?"

"ಯಾವ್ದನ್ನ ಎಜೆ?"

"ಗಂಡನ್ನೋಡ್ಸೋ ಬಳ್ಳೀನ!"

ಎಜೆ ಆರಾಮವಾಗಿ ಅಗಿಯುತ್ತ ವಿವರಿಸಿದರು. ಮನೆಯೊಳಗೆ ಹಬ್ಬುವ ಬಳ್ಳಿ ಇದ್ದರೆ ಗಂಡಸು ನಿಲ್ಲುವುದಿಲ್ಲವಂತೆ. ಊರಿಗೆಲ್ಲ ಗೊತ್ತಿರುವ ವಿಷಯವಂತೆ. ಬಳ್ಳಿ ಗೋಡೆ ಹತ್ತಿದಂತೆ ಗಂಡ ಬಾಗಿಲು ಹತ್ತಿರ ಮಾಡಿಕೊಳ್ಳುತ್ತಾನಂತೆ.

"ಆದ್ರೆ ಎಜೆ, ಅಪಾ ಇಷ್ಟು ವರ್ಷ ಇಟ್ಕೊಂಡಿದ್ರಲ್ಲ. ಮಾವನವ್ರು ಎಲ್ಲಿಗೂ ಹೋಗ್ಲಿಲ್ಲ."

"ಹೋಗ್ಲಿಲ್ವಾ? ಏನು ಕೆಲಸ ಮಾಡ್ತಿದ್ರು ನಿಮ್ಮಾವ?"

"ಲಾರಿ ಓಡಿಸ್ತಿದ್ರು."

"ತಿಂಗಳಲ್ಲಿ ಮನೇಲಿ ಇರ್ತಿದ್ದದ್ದು ಎಷ್ಟು ದಿನ?"

"ಲಾರಿ ಓಡ್ಸೋರು ಮನೇಲಿ ಹೇಗಿರಕ್ಕಾಗುತ್ತೆ ಎಜೆ?"

"ಲಾರಿ ಯಾಕೆ ಓಡಿಸ್ತಿದ್ರು ಅಂತ ಯೋಚ್ನೆ ಮಾಡು ಮಾರಾಯ್ತಿ!"

ಇಂಥ ತರ್ಕಕ್ಕೆ ಸಂಖ್ಯಾಶಾಸ್ತ್ರದಲ್ಲಿ ಉತ್ತರವಿಲ್ಲ. ಇದ್ದರೂ ಪ್ರಯೋಜನವಾಗುತ್ತಿರಲಿಲ್ಲ, ಅಂದು ಸಂಜೆ ಕುಬಾತ್ ಬರುವುದು ಭಾರೀ ತಡವಾಯಿತು. ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತು, ನಡೆದು ಬಂದೆ ಎಂದ. ಭುಜದ ಮೇಲೆ ಹಿಮವಿತ್ತು, ಮೂಗು ಕೆಂಪಾಗಿತ್ತು, ಹೇಳಿದ್ದೆಲ್ಲ ನಿಜವೆಂದು ಕಂಡಿತು. ಮೊದಮೊದಲು ಎಲ್ಲವೂ ನಿಜವೆಂದೇ ಕಾಣುತ್ತದೆ, ಧಾರಾವಾಹಿಗಳಲ್ಲೂ ಹಾಗೇ.

ಮಾರನೆಯ ದಿನ ನಾನು ಸ್ಟೂಲು ಹತ್ತಿ ಕತ್ತರಿ ಹಿಡಿದೆ.

ಕತ್ತರಿಸಿ ಕಸಕ್ಕೆ ಹಾಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ವೆನೇರಾ ಎಜೆ ಹೋಗುವಾಗ ಚಪ್ಪಲಿ ಮೆಟ್ಟುತ್ತ ಇನ್ನೊಂದು ಮಾತನ್ನೂ ಬಿಟ್ಟುಹೋಗಿದ್ದರು: ಜೀವ ಇರುವ ಬಳ್ಳಿಯನ್ನು ಕಸಕ್ಕೆ ಎಸೆದರೆ ಹೋದ ಗಂಡ ಮರಳಿ ಬರುವುದೇ ಇಲ್ಲ. ಬೇರು ಬರಿಸಿ ಬೇರೆಯವರ ಕೈಗೆ ದಾಟಿಸಬೇಕು, ಆಗ ದೋಷವೂ ದಾಟುತ್ತದೆ. ನಾನು ಫೋನಿನಲ್ಲಿ ಓದಿಕೊಂಡೆ. ಕಾಂಡದ ಮೇಲೆ ಎಲೆ ಹುಟ್ಟುವ ಗಂಟಿನ ಹತ್ತಿರ ಕಂದು ಬಣ್ಣದ ಒಂದು ಮೊಟಕು ಮೊಳಕೆ ಇರುತ್ತದೆ. ಅದರ ಸ್ವಲ್ಪ ಕೆಳಗೆ ಕತ್ತರಿಸಿ, ಗಂಟು ಮುಳುಗುವಂತೆ ನೀರಿಗಿಟ್ಟರೆ ಬೇರು. ಅಷ್ಟೇ. ಒಂದೊಂದು ಗಂಟಿಗೂ ಒಂದೊಂದು ತುಂಡು. ಅಷ್ಟುದ್ದದ ಬಳ್ಳಿಯಲ್ಲಿ ಗಂಟುಗಳೆಷ್ಟು ಎಂದು ಹತ್ತುವ ಮುಂಚೆ ಯೋಚಿಸಲಿಲ್ಲ. ಇಳಿದ ಮೇಲೆ ಯೋಚಿಸಿದೆ.

ಟೊಮೇಟೊ ಉಪ್ಪಿನಕಾಯಿಯ ಸೀಸೆಗಳು ಮೊದಲು ತುಂಬಿದವು. ಆಮೇಲೆ ಲೋಟಗಳು, ಆಮೇಲೆ ಹಬ್ಬಕ್ಕೆಂದು ಇಟ್ಟಿದ್ದ ಚಿನ್ನದಂಚಿನ ಚಹಾ ಬಟ್ಟಲುಗಳು, ಕೊನೆಗೆ ಬೆರ್ಮೆಟ್‌ಳ ಹಳೇ ಹಾಲಿನ ಬಾಟಲಿ. ಬಿಸಿನೀರಿನ ಹೀಟರಿನ ಮೇಲಿನ ಕಿಟಕಿಕಟ್ಟೆ ಪೂರ್ತಿ ಹಸಿರು. ಬೆಚ್ಚಗಿನ ಆ ಜಾಗ ಅವಕ್ಕೆ ಸ್ವರ್ಗವೆನಿಸಿರಬೇಕು. ವಾರ ಕಳೆಯುವಷ್ಟರಲ್ಲಿ ಶ್ಯಾವಿಗೆಯಂಥ ಬಿಳಿ ಬೇರುಗಳು ಇಳಿದವು. ಕುಂಡದಲ್ಲಿ ಉಳಿದಿದ್ದ ಮೋಟು ಕೂಡ ಸುಮ್ಮನಿರದೆ, ಕತ್ತರಿಸಿದ ಜಾಗದ ಪಕ್ಕದಲ್ಲಿ ಎರಡು ಚಿಗುರು ತೋರಿಸಿತು. ನಮ್ಮಜ್ಜಿ ಹೇಳುತ್ತಿದ್ದ ಕತೆಯ ಏಳು ತಲೆಯ ರಾಕ್ಷಸಿಯೇ ಇದಕ್ಕಿಂತ ವಾಸಿ, ಅವಳು ಏಳಕ್ಕೆ ನಿಲ್ಲಿಸಿದಳು. ನಾನು ಗಂಡನನ್ನೋಡಿಸುವ ಒಂದು ಬಳ್ಳಿಯನ್ನು ಹೋಗಲಾಡಿಸಲು ಹೋಗಿ, ಗಂಡನನ್ನೋಡಿಸುವ ಒಂದು ಸೈನ್ಯವನ್ನೇ ಕಟ್ಟಿದ್ದೆ.

ಸಾಲದ್ದಕ್ಕೆ ಆ ಎಲೆಯ ರಸ ಮಕ್ಕಳ ಬಾಯಿಗೆ ಹೋದರೆ ನಾಲಗೆ ಉರಿದು ಊದಿಕೊಳ್ಳುತ್ತದೆ ಎಂಬುದನ್ನೂ ಅದೇ ಫೋನು ತಿಳಿಸಿತು. ಸೂರಿನ ಮೇಲಿದ್ದಾಗ ಅದು ಬೆರ್ಮೆಟ್‌ಗೆ ಎಟುಕದ ಆಕಾಶ. ಈಗ ಅವಳ ಮೂಗಿನ ಮಟ್ಟಕ್ಕೆ ಇಳಿದಿತ್ತು. ಗಳಿಗೆಗೊಮ್ಮೆ ಅವಳ ಬಾಯಿ ತೆರೆಸಿ ಬೆರಳು ಹಾಕಿ ನೋಡುತ್ತಿದ್ದೆ. ಎಲೆ ಸಿಗಲಿಲ್ಲ. ಬೆರಳಿಗೆ ಕಚ್ಚಿದ ಗುರುತು ಸಿಕ್ಕಿತು.

ಇನ್ನು ಕುಬಾತ್. ಬಳ್ಳಿ ಕತ್ತರಿಸಿದ ಸಂಜೆ ಅವನು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಬೋಳು ಮೊಳೆಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ.

"ಏನಿದು?"

"ಸೂರು ಎಷ್ಟು ಬೆಳ್ಳಗೆ ಕಾಣ್ತಿದೆ ಅಲ್ವಾ?" ಎಂದೆ. "ಮನೆ ದೊಡ್ಡದಾದ ಹಾಗಿದೆ. ನಂಗಂತೂ ತುಂಬಾ ಖುಷಿಯಾಯ್ತಪ್ಪ."

ಚಹಾ ಕುಡಿಯಲು ಬಟ್ಟಲು ಹುಡುಕಿದ. ಎಲ್ಲದರಲ್ಲೂ ಎಲೆ. ಕೊನೆಗೆ ಹಾಲು ಕಾಯಿಸುವ ಪಾತ್ರೆಯಿಂದಲೇ ಚಹಾ ಕುಡಿದು, ಎದ್ದು, ಮೊಟ್ಟಮೊದಲ ಬಾರಿಗೆ ಹೇಳಿದ: "ಸ್ವಲ್ಪ ಹೊರಗೆ ಹೋಗ್ಬರ್ತೀನಿ."

ತಡವಾಯಿತು ಎಂದುಕೊಂಡೆ. ವಿಷ ಆಗಲೇ ಏರಿದೆ.

ಅಂದಿನಿಂದ ನನ್ನದು ಯುದ್ಧಕಾಲದ ದಿನಚರಿ. ಬೇರು ಬಂದ ತುಂಡುಗಳನ್ನು ಸೀಸೆ, ಲೋಟಗಳ ಸಮೇತ ಬೆಳಿಗ್ಗೆ ಮೆಟ್ಟಿಲ ತಿರುವಿನ ಕಿಟಕಿಕಟ್ಟೆಯ ಮೇಲಿಡುತ್ತಿದ್ದೆ. ಬೇಡವಾದ ಗಿಡ, ಬಾಲಮುರಿದ ಆಟದ ಕುದುರೆ, ಓದಿ ಮುಗಿಸಿದ ಪತ್ರಿಕೆ, ಏನಿದ್ದರೂ ನಮ್ಮ ಕಟ್ಟಡದವರು ಅಲ್ಲಿಟ್ಟುಬಿಡುತ್ತಾರೆ. ಬೇಕಾದವರು ಮಾತಿಲ್ಲದೆ ಒಯ್ಯುತ್ತಾರೆ. ಥ್ಯಾಂಕ್ಸಿನ ಅಪಾಯವೂ ಇಲ್ಲ. ರಾತ್ರಿಯ ಹೊತ್ತಿಗೆ ಕಟ್ಟೆ ಖಾಲಿ! ಯಾವ ಪುಣ್ಯಾತ್ಗಿತ್ತಿ ಒಯ್ಯುತ್ತಿದ್ದಾಳೋ, ಅವಳ ಗಂಡನಿಗೆ ದೇವರೇ ಗತಿ ಎಂದುಕೊಂಡು ಮತ್ತಷ್ಟು ಇಡುತ್ತಿದ್ದೆ. ಬಳ್ಳಿ ಕಡಿಮೆಯಾದಂತೆ ಕುಬಾತ್ ಮನೆಯಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸ್ವೆಟರುಗಳು ಹೋಗತೊಡಗಿದ್ದು ಆಗಲೇ.

ಅಪಾ ಫೋನು ಮಾಡಿದಾಗೆಲ್ಲ ಕೇಳುವ ಮೊದಲ ಪ್ರಶ್ನೆ: "ಬಳ್ಳಿ ಹೇಗಿದೆ?"

"ಹಬ್ತಾ ಇದೆ ಅಪಾ," ಎನ್ನುತ್ತಿದ್ದೆ. (ಸುಳ್ಳಲ್ಲ. ಕಟ್ಟಡದ ತುಂಬ ಹಬ್ಬುತ್ತಿತ್ತು.)

"ವಿಡಿಯೋದಲ್ಲಿ ತೋರ್ಸು."

"ಬೆರ್ಮೆಟ್ ಫೋನ್ ಬೀಳಿಸಿದ್ಲು ಅಪಾ, ಕ್ಯಾಮೆರಾ ಕೆಟ್ಟಿದೆ." ಇದು ಸುಳ್ಳು. ನೋರೂಜ್‌ಗೆ ಅವರು ಬರುವವರಿದ್ದರು. ಆ ಯೋಚನೆ ಬಂದಾಗೆಲ್ಲ ನಾನು ಹೋಗಿ ಬೆರ್ಮೆಟ್‌ಳ ಬಾಯಿ ತೆರೆಸುತ್ತಿದ್ದೆ, ಏನಾದರೊಂದು ಮಾಡಬೇಕಲ್ಲ.

ಈ ನಡುವೆ ವೆನೇರಾ ಎಜೆ ಒಂದು ಸಂಜೆ ಬಾಗಿಲು ಸರಿಸಿ ಒಳಬಂದು, ಧ್ವನಿ ತಗ್ಗಿಸಿ ಕೇಳಿದರು: "ಒಂದು ತುಂಡು ಇದ್ರೆ ಕೊಡೇ. ದೊಡ್ಡದೇ ಕೊಡು."

"ಎಜೆ! ಅದು ಗಂಡನ್ನ..."

"ಗೊತ್ತು ಕಣೇ, ನಾನೇ ಅಲ್ವಾ ನಿಂಗೆ ಹೇಳಿದ್ದು? ನಮ್ಮನೆಯವ್ರು ರೈಲ್ವೆ ಕೆಲಸದಿಂದ ನಿವೃತ್ತಿಯಾದಾಗ ಸೋಫಾ ಮೇಲೆ ಮಲಗಿದೋರು ಇನ್ನೂ ಎದ್ದಿಲ್ಲ. ಸೋಫಾದ ಹೂವಿನ ಚಿತ್ರ ಕೆನ್ನೆ ಮೇಲೆ ಅಚ್ಚಾಗಿದೆ. ನೋಡೋಣ, ನಿನ್ ಬಳ್ಳಿಗೆ ಎಷ್ಟು ಶಕ್ತಿ ಇದೆ ಅಂತ."

ಕೊಟ್ಟೆ. ಅವರು ಥ್ಯಾಂಕ್ಸ್ ಹೇಳದೆ, ಕದ್ದವರಂತೆ ಶಾಲಿನಡಿ ಮುಚ್ಚಿಕೊಂಡು ಹೋದರು. ವಾರವೂ ಕಳೆಯಲಿಲ್ಲ, ಮುಖವರಳಿಸಿಕೊಂಡು ಓಡಿ ಬಂದರು.

"ಹೋದ್ರು ಕಣೇ!"

"ಯಾರು?"

"ನಮ್ಮನೆಯವ್ರು! ಸೋಫಾ ಬಿಟ್ಟು ಎದ್ರು, ಬೂಟು ಹಾಕ್ಕೊಂಡ್ರು, ದಿಂಬು ಸಮೇತ ಹೊರಟುಹೋದ್ರು. ಈಗ ಊಟಕ್ಕೆ ಮಾತ್ರ ಬರ್ತಾರೆ. ಬುರುಲ್ಚಾ, ನಿನ್ ಕೈ ಬಂಗಾರದ್ದು!"

ಅಲ್ಲಿಯವರೆಗೆ ನನಗೊಂದು ಪುಟ್ಟ ಅನುಮಾನವಿತ್ತು, ಇದೆಲ್ಲ ಮೂಢನಂಬಿಕೆ ಇರಬಹುದು ಎಂಬ ಅನುಮಾನ. ಅದನ್ನೇ ಹಿಡಿದುಕೊಂಡು ಜೀವ ಇಟ್ಟುಕೊಂಡಿದ್ದೆ. ಆನೆ ಎಳೆದರೂ ಏಳದ ಎಜೆಯ ಗಂಡ ಸಾಬಿರ್ ಬಾಯ್ಕೆಯನ್ನು (ಹಿರಿಯ ಗಂಡಸರನ್ನು ನಾವು ಬಾಯ್ಕೆ ಎನ್ನುವುದು) ಎರಡೆಲೆಯ ಒಂದು ತುಂಡು ಎಬ್ಬಿಸಿದೆ ಎಂದ ಮೇಲೆ, ಕಚೇರಿಯಿಂದ ಓಡೋಡಿ ಮನೆಗೆ ಬರುತ್ತಿದ್ದ ನನ್ನ ಹಗುರ ಮೈಯ ಕುಬಾತ್ ಯಾವ ಲೆಕ್ಕ? ಎಜೆ ತಮ್ಮ ಪ್ರಸಾರ ಮುಗಿಸಿದ ಮೇಲಂತೂ ಕಟ್ಟಡದ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲು ತಟ್ಟತೊಡಗಿದರು. ಒಬ್ಬಾಕೆಗೆ ಅರ್ಧ ದಿನ ಮಾತ್ರ ಹೊರಗೆ ಕಳಿಸುವಂಥ ಚಿಕ್ಕ ತುಂಡು ಬೇಕಿತ್ತು. ಇನ್ನೊಬ್ಬಾಕೆ, ಗಂಡ ಇರಲಿ, ಅವನ ತಮ್ಮ ಮಾತ್ರ ಹೋಗುವಂಥದ್ದೇನಾದರೂ ಇದೆಯೇ ಎಂದು ಕೇಳಿದಳು.

ಅಂದು ಸಂಜೆ ಕುಬಾತ್ ಚೀಲಕ್ಕೆ ತುಂಬಿದ್ದು ನೀಲಿ ಸ್ವೆಟರು. ನಾನು ಬಸುರಿಯಾಗಿದ್ದಾಗ, ಕಾಲು ಊದಿ ಕೂತಲ್ಲೇ ಕೂತು ಹೆಣೆದದ್ದು. ಒಂದು ತೋಳು ಉದ್ದ, ಒಂದು ಗಿಡ್ಡ. ಆದರೂ ಅವನು ಅದನ್ನೇ ಹಾಕಿಕೊಂಡು ಆಸ್ಪತ್ರೆಗೆ ಮಗಳನ್ನು ನೋಡಲು ಬಂದಿದ್ದ. ಅದೂ ಹೋಗುತ್ತದೆ ಎಂದರೆ ಇನ್ನು ಉಳಿದ ಕಂತು ಅವನೊಬ್ಬನೇ.

ಬೆರ್ಮೆಟ್‌ಗೆ ಕೋಟು ತೊಡಿಸಿ, ಸೊಂಟಕ್ಕೆ ಏರಿಸಿ ಅವನ ಹಿಂದೆ ಹೊರಟೆ. ಅವನು ಮೆಟ್ಟಿಲ ತಿರುವಿನಲ್ಲಿ ನಿಂತು ಕಿಟಕಿಕಟ್ಟೆಯ ಮೇಲಿಂದ ಏನನ್ನೋ ಎತ್ತಿಕೊಂಡಂತೆ ಕಂಡಿತು. ಆ ಕತ್ತಲೆಯಲ್ಲಿ, ಆ ಗಾಬರಿಯಲ್ಲಿ, ನನಗೆ ಏನೂ ಹೊಳೆಯಲಿಲ್ಲ. ಕಟ್ಟಡದ ಹಿಂದೆ ಕಬ್ಬಿಣದ ಗ್ಯಾರೇಜುಗಳ ಸಾಲು. ಒಂದರ ಕೊಳವೆಯಿಂದ ಹೊಗೆ ಬರುತ್ತಿತ್ತು. ಅದರೊಳಗೆ ಹೋದ. ಬಾಗಿಲ ಸಂದಿಗೆ ಕಿವಿ ಇಟ್ಟೆ.

"ಇವತ್ತು ಚಳಿ ಜಾಸ್ತಿ," ಕುಬಾತ್‌ನ ದನಿ, ನನ್ನೊಂದಿಗೆ ಆಡಿ ಎಷ್ಟೋ ದಿನವಾಗಿದ್ದ ಮೆತ್ತಗಿನ ದನಿ. "ಈ ಸ್ವೆಟರ್ ಹೊದಿಸ್ತೀನಿ. ತುಂಬಾ ನಾಜೂಕು ಇವಳು."

ಬಾಗಿಲನ್ನು ಒದ್ದೆ. (ಬೆರ್ಮೆಟ್ ಸಂತೋಷದಿಂದ ಚಪ್ಪಾಳೆ ತಟ್ಟಿದಳು.)

ಒಳಗೆ ಒಲೆ. ಒಲೆಯ ಪಕ್ಕ ಮಂಚದ ಮೇಲೆ ತಮ್ಮ ದಿಂಬಿನೊಂದಿಗೆ ಸಾಬಿರ್ ಬಾಯ್ಕೆ. ಗೋಡೆಯುದ್ದಕ್ಕೂ ಹಲಗೆಗಳು. ಹಲಗೆಯ ಮೇಲೆ ನನ್ನ ಸೀಸೆಗಳು, ನನ್ನ ಲೋಟಗಳು. ಒಂದೊಂದಕ್ಕೂ ಸ್ವೆಟರಿನ ತೋಳೋ, ಕಾಲುಚೀಲವೋ ತೊಡಿಸಿದೆ. ಕುರಿತುಪ್ಪಟದ ಟೋಪಿಯೊಳಗೆ ಮೂರು ತುಂಡುಗಳು ಮೊಟ್ಟೆಯಿಟ್ಟ ಕೋಳಿಗಳಂತೆ ಕೂತಿವೆ. ಮೆಟ್ಟಿಲಿನಿಂದ ಮಾಯವಾದ ಬಳ್ಳಿಯೆಲ್ಲ ಅಲ್ಲಿತ್ತು. ಕುಬಾತ್‌ನ ಕೈಯಲ್ಲಿ ನೀಲಿ ಸ್ವೆಟರು.

"ಯಾರವಳು ನಾಜೂಕು?" ಎಂದು ಕಿರುಚಿದೆ. ಉತ್ತರ ಕಣ್ಣೆದುರಿಗೇ ಇದ್ದುದರಿಂದ, ಅದೇ ಉಸಿರಿನಲ್ಲಿ, "ಇಷ್ಟು ಹೊಗೆಗೆ ಗಾಳಿ ಆಡಕ್ಕೆ ಜಾಗ ಇದ್ಯಾ ಇಲ್ಲಿ?" ಎಂದೂ ಕೇಳಿದೆ.

"ಇದೆ ಮಗಳೇ, ಮೇಲೆ ಕಿಂಡಿ ಇದೆ," ಎಂದರು ಸಾಬಿರ್ ಬಾಯ್ಕೆ ಎದ್ದು ಕೂರುತ್ತ. "ನಾನಿಲ್ಲಿ ಒಲೆ ಆರದ ಹಾಗೆ ನೋಡ್ಕೋತೀನಿ. ಪಾಪ, ರಾತ್ರಿ ಚಳಿ ತಡೆಯಲ್ಲ ಇವು."

"ಕುಬಾತ್! ಏನಿದೆಲ್ಲ?"

"ಅಪಾ ನೋರೂಜ್‌ಗೆ ಬರ್ತಾರಲ್ಲ," ಎಂದ ಅವನು, ಸ್ವೆಟರನ್ನು ಹಿಂದೆ ಮುಚ್ಚಿಡುತ್ತ. "ದಿನಾ ಕಚೇರಿಗೆ ಫೋನ್ ಮಾಡಿ ಬಳ್ಳಿ ಹೇಗಿದೆ ಅಂತಾರೆ. ನೀನು ನೋಡಿದ್ರೆ ಕತ್ತರಿಸಿ ಕತ್ತರಿಸಿ ಹೊರಗಿಡ್ತಿದ್ದೆ. ಅದಕ್ಕೇ ಎಲ್ಲಾ ಕೂಡಿಟ್ಟಿದ್ದೀನಿ. ಅಪ್ಪನ ಮೊಳೆಗಳ ಮೇಲೆ ಒಂದಕ್ಕೊಂದು ಸೇರಿಸಿ ಕಟ್ಟಿದ್ರೆ ಮೊದಲಿನ ಹಾಗೇ ಕಾಣುತ್ತೆ. ಬಾಯ್ಕೆ ಮೀನು ಹಿಡಿಯೋ ದಾರ ಕೊಟ್ಟಿದ್ದಾರೆ."

"ಅಪಾಗೆ ಕಣ್ಣು ಕಾಣಲ್ವಾ?"

"ಕನ್ನಡಕ ಬಚ್ಚಿಡೋಣ ಅಂತಿದ್ವಿ," ಎಂದರು ಸಾಬಿರ್ ಬಾಯ್ಕೆ.

"ನಂಗೆ ಒಂದು ಮಾತು ಹೇಳ್ಬಾರ್ದಾಗಿತ್ತಾ!"

"ತುಂಬಾ ಖುಷಿಯಾಯ್ತು ಅಂದ್ಯಲ್ಲ, ಅವತ್ತು. ಬೆರ್ಮೆಟ್ ಹುಟ್ಟಿದ ಮೇಲೆ ನೀನು ಖುಷಿ ಅಂದಿದ್ದೇ ಅದೊಂದ್ಸಲ. ಅದನ್ನ ಹೇಗೆ ಹಾಳ್ಮಾಡ್ಲಿ?"

ನಾನು ಅಳುತ್ತ ಮಂಚದ ಮೇಲೆ ಕುಳಿತೆ. ಗಂಡನನ್ನೋಡಿಸುವ ಬಳ್ಳಿ ನಿಜವಾಗಿಯೂ ಗಂಡನನ್ನು ಮನೆಯಿಂದ ಓಡಿಸಿತ್ತು. ಸೂರಿನ ಮೇಲೆ ಸುಮ್ಮನಿದ್ದಾಗಲಲ್ಲ, ನಾನು ಕತ್ತರಿ ಹಿಡಿದ ಮೇಲೆ. ಎದುರು ಮನೆಯ ಗಂಡನನ್ನೂ ಉಚಿತವಾಗಿ ಓಡಿಸಿತ್ತು. ಅತ್ತು ಮುಗಿಸಿ ಮೂಗೊರೆಸಿಕೊಂಡು, "ಅಪಾಗೆ ನಿಜ ಹೇಳ್ಬಿಡೋಣ," ಎಂದೆ.

"ಹೇಳೋಣ," ಎಂದ ಕುಬಾತ್.

ಆದರೆ ಯಾರು ಹೇಳುವುದು? ಸಾಬಿರ್ ಬಾಯ್ಕೆ ಒಲೆಗೆ ಕಟ್ಟಿಗೆ ಹಾಕುವ ಮಹತ್ಕಾರ್ಯದಲ್ಲಿ ಮುಳುಗಿದರು.

"ನಿಮ್ಮಮ್ಮ," ಎಂದೆ.

"ನಿನ್ ಕತ್ತರಿ," ಎಂದ.

ಫೋನು ತೆಗೆದೆ. ಗಂಟೆ ಪೂರ್ತಿ ಒಂದು ಸಲ ಬಾರಿಸುವ ಮೊದಲೇ ಅಪಾ ಎತ್ತಿಕೊಂಡರು.

"ಏನಾಯ್ತು? ಮಗೂಗೆ ಜ್ವರಾನಾ?"

"ಇಲ್ಲ ಅಪಾ."

"ಕುಬಾತ್‌ಗೆ?"

"ಚೆನ್ನಾಗಿದ್ದಾನೆ ಅಪಾ. ಅಪಾ, ಬಳ್ಳಿ... ಬಳ್ಳಿನ ನಾನು ಕತ್ತರಿಸಿದೆ."

"ಎಷ್ಟು?"

"ಮೋಟು ಉಳಿದಿದೆ."

ಬೆರ್ಮೆಟ್ ಟೋಪಿಯೊಳಗಿನ ಎಲೆಯೊಂದಕ್ಕೆ ಕೈಚಾಚಿದಳು. ಅವಳ ಕೈಯನ್ನು ಹಿಡಿದುಕೊಂಡೇ ಕಾದೆ.

"ವೆನೇರಾ ಬಂದಿದ್ಲಾ?" ಎಂದರು ಅಪಾ ಕೊನೆಗೆ.

"ಹೂಂ."

"ಗಂಡನ್ನ ಓಡಿಸುತ್ತೆ ಅಂದ್ಲಾ?"

"ಹೂಂ ಅಪಾ."

"ಅವಳು ಮದುವೆಯಾಗಿ ಬಂದ ವರ್ಷ ನಂಗೂ ಅದನ್ನೇ ಹೇಳಿದ್ಲು. ಸರಿ, ಓಡಿಸ್ತಾ?"

"ಗ್ಯಾರೇಜ್‌ವರೆಗೆ."

ಆ ಕಡೆಯಿಂದ ಕೆಮ್ಮೋ ನಗುವೋ ಗೊತ್ತಾಗದ ಒಂದು ಸದ್ದು ಬಂತು. "ಅಳಬೇಡ ಸುಮ್ನಿರು. ಬರುವಾಗ ತುದಿಯೊಂದನ್ನ ಚೀಲದಲ್ಲಿ ತಂದಿದ್ದೆ. ಬೇರು ಬಂತು, ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಈಗ ಇಲ್ಲಿ ಅಳಿಯನಿಗೆ ಕಾಲಿಡಕ್ಕೆ ಜಾಗ ಇಲ್ಲ. ಎಲ್ಲಾ ತರ್ತೀನಿ. ಹಬ್ಬದವರೆಗೆ ಕಾಯಲ್ಲ, ನಾಳೇನೇ ಹೊರಡ್ತೀನಿ. ಅದು ಮೊದಲಿನ ಹಾಗೆ ಸೂರು ಸುತ್ತಿ ನಿಮ್ ಕೋಣೆ ಮುಟ್ಟೋವರೆಗೆ ಅಲ್ಲೇ ಇದ್ದು ನಾನೇ ನೋಡ್ಕೋತೀನಿ."

ಕುಬಾತ್ ನನ್ನ ಮುಖ ನೋಡಿದ. ನಾನು ಬಳ್ಳಿ ವರ್ಷಕ್ಕೆ ಎಷ್ಟು ಬೆಳೆಯುತ್ತದೆ, ನಮ್ಮ ಕೋಣೆ ಎಷ್ಟು ದೂರ ಎಂದು ಮನಸ್ಸಿನಲ್ಲೇ ಭಾಗಾಕಾರ ಮಾಡಿದೆ. ಸಂಖ್ಯಾಶಾಸ್ತ್ರ ಮೊದಲ ಬಾರಿಗೆ ಸ್ಪಷ್ಟ ಉತ್ತರ ಕೊಟ್ಟಿತು: ಅಪಾ ಕಾವಲು ವರ್ಷಗಟ್ಟಲೆ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತೆ, ಅಪಾ ಅವರೇ ಕಲಿಸಿದ್ದ ಪಾಠ ನೆನಪಿಗೆ ಬಂತು.

"ಥ್ಯಾಂಕ್ಸ್ ಅಪಾ," ಎಂದೆ. "ಬಳ್ಳಿ ಕೊಡ್ತಿರೋದಕ್ಕೆ ತುಂಬಾ ಥ್ಯಾಂಕ್ಸ್. ಒಂದೊಂದು ತುಂಡಿಗೂ ಬೇರೆ ಬೇರೆ ಥ್ಯಾಂಕ್ಸ್. ಬೇರಿಗೆ ಥ್ಯಾಂಕ್ಸ್, ಎಲೆಗೆ ಥ್ಯಾಂಕ್ಸ್..."

"ಹೇಳಮ್ಮ, ಹೇಳು," ಎಂದರು ಅಪಾ ಸಮಾಧಾನವಾಗಿ. "ಹೊಟ್ಟೆ ತುಂಬ ಹೇಳ್ಕೋ. ನಮ್ಮತ್ತೆ ನಂಗೆ ಈ ಬಳ್ಳಿ ಕೊಟ್ಟಾಗ ನಾನೂ ಹೀಗೇ ಬೆಳಗಿಂದ ಸಂಜೆವರೆಗೆ ಹೇಳಿದ್ದೆ. ಒಂದೆಲೇನೂ ಉದುರ್ಲಿಲ್ಲ."